ಮೂರು ಟ್ರ್ಯಾಕ್ಟರು, ಒಂದು ತಂಬಿಗೆ ಮತ್ತು ನಮ್ಮ ಅಕ್ಕಾರು

ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಬಡಿಯುವವಳಿಗೆ ಫೋನು ಬಂದರೆ ರೊಟ್ಟಿ ಹರಿಯಬೇಕು, ಇಲ್ಲವೇ ಫೋನು ಹಿಟ್ಟಾಗಬೇಕು. ಎರಡೂ ಬೇಡವೆಂದು ಬಗ್ಗಿ ಮೂಗಿನ ತುದಿಯಿಂದ ಒತ್ತಿದೆ. ದೇವರು ಮೂಗು ಕೊಟ್ಟದ್ದು ಇಂಥದಕ್ಕೂ ಇರಬೇಕು.

"ತಂಗಿ, ಮನಿಯವ್ರು ಮನಿಗೆ ಬಂದ್ರೇನು?"

ಹಲೋ ಇಲ್ಲ, ಹೆಂಗಿದ್ದೀರಿ ಇಲ್ಲ. ಹಿಂಗೆ ಶುರು ಮಾಡುವವರು ಈ ಲೋಕದಲ್ಲಿ ನಮ್ಮ ಅಕ್ಕಾರು ಒಬ್ಬರೇ.

"ಬಂದಾರ್ರಿ ಅಕ್ಕಾರ. ಹಿತ್ತಲದಾಗ ಎಮ್ಮಿ ಮೈ ತೊಳ್ಯಾಕ ಹತ್ಯಾರ."

"ಹಂಗಾರ ಕೇಳು. ಶುಕ್ರವಾರ ನಂದು ಬಿಡುಗಡಿ. ರಿಟೈರ್! ಶಾಲು ಹೊಚ್ಚಿ, ಹಣ್ಣಿನ ಬುಟ್ಟಿ ಕೊಟ್ಟು, ಸುಳ್ಳ ಸುಳ್ಳ ಹೊಗಳಿ ಕಳಸ್ತಾರ. ಬೆಳಗಾವಿಗೆ ನೀವು ಮೂರೂ ಮಂದಿ ಬರಬೇಕು. ನಿಮ್ಮ ಅತ್ತಿ, ಅವ್ವಾರು, ಬರೂ ಮುಂದ ಆ ತಂಬಿಗಿ ತರಬೇಕು. ತಂಬಿಗಿ ಇಲ್ಲದ ಬಂದ್ರ ಒಳಗ ಬಿಡೂದಿಲ್ಲ. ನೀ ಒಂದು ಒಡಪ ಹೇಳಬೇಕು. ಹೊಸಾದು, ಮತ್ತ. ಹಳೀದ ಏನರ..."

ಅಲ್ಲಿಗೆ ಫೋನು ಕಟ್ಟಾಯಿತು. ನಮ್ಮೂರ ನೆಟ್‌ವರ್ಕಿಗೆ ಗೌರಿ ಹುಣ್ಣಿಮೆಯೂ ಒಂದೇ, ಅಕ್ಕಾರ ನಿವೃತ್ತಿಯೂ ಒಂದೇ. ನಾನು ಒಬ್ಬಳೇ ಅಡುಗೆಮನೆಯಲ್ಲಿ ನಗುತ್ತ ನಿಂತೆ. ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು. ಒಂದೇ ರೊಟ್ಟಿ ಸುಟ್ಟದ್ದು, ಅದೂ ಎಮ್ಮೆಗೆ ಆಯಿತು, ಶಿವನ ದಯೆ.

ಅಕ್ಕಾರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಂಗಸರಿಗೆ ಬಹಳ ಬೇಕಾದವರ ಹೆಸರು ಸುಮ್ಮನೆ ಬಾಯಿಂದ ಬರುವುದಿಲ್ಲ. ಗಂಡನ ಹೆಸರು ಹೇಳಬೇಕಾದರೆ ಒಂದು ಪದ ಕಟ್ಟಿ, ಅದರೊಳಗೆ ಹೆಸರು ಕೂಡಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ಮದುವೆ, ಕುಬಸ, ತೊಟ್ಟಿಲು, ಎಲ್ಲೇ ಹೋಗಲಿ, ಬಾಗಿಲಲ್ಲಿ ಹುಡುಗಿಯರು ಅಡ್ಡ ನಿಲ್ಲುತ್ತಾರೆ. ಒಡಪು ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕಾರು. ಇವರು ಕಲಿಸುತ್ತಿದ್ದದ್ದು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಆದರೂ ನಮಗೆ ಅಕ್ಕಾರೇ.

ಮುನವಳ್ಳಿ ದಾಟಿ ಸ್ವಲ್ಪ ಒಳಗಿರುವ ನಮ್ಮೂರಿಗೆ ಅವರು ಬಂದದ್ದು ಒಂದು ಬೇಸಿಗೆಯಲ್ಲಿ. ನಮ್ಮ ಮಾಳಿಗೆಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದಿದ್ದರು. ಎತ್ತರದ ಆಳು, ಇಳಕಲ್ಲ ಸೀರೆ, ಕಾಲಲ್ಲಿ ಗಂಡಸರ ಬೂಟು. ಸಾಮಾನು ಇಳಿಸಿದರೆ ಒಂದು ಹಾಸಿಗೆ, ಒಂದು ಟ್ರಂಕು. ಟ್ರಂಕಿನಲ್ಲಿ ಸೀರೆಗಿಂತ ವಯರು ಹೆಚ್ಚು. ಅದರ ತಳದಲ್ಲಿ ಮೂರು ಆಟಿಕೆಯ ಟ್ರ್ಯಾಕ್ಟರು.

"ಮೊಮ್ಮಕ್ಕಳಿಗೇನ್ರಿ?" ಎಂದು ನಮ್ಮ ಅತ್ತೆ ಕೇಳಿದರು.

"ನನಗ ರೀ" ಎಂದರು ಅಕ್ಕಾರು. "ಲಗ್ನ ಆಗಿಲ್ಲ. ಯಾರೂ ಕಸಗೊಳ್ಳುವರು ಇಲ್ಲ."

ಅವತ್ತೇ ಸಂಜೆ ಅಂಗಳದಲ್ಲಿ ಮೂರನ್ನೂ ಸಾಲಾಗಿ ಬಿಟ್ಟರು. ಮುಂದಿನದಕ್ಕೆ ಮಾತ್ರ ಅವರ ಕೈಯಲ್ಲಿ ಗುಂಡಿ. ಅದು ತುಳಸಿಕಟ್ಟೆ ಸುತ್ತಿದರೆ ಹಿಂದಿನವೆರಡೂ ತಾಯಿಯ ಹಿಂದಿನ ಕೋಳಿಮರಿಗಳ ಹಾಗೆ ಸುತ್ತಿದವು. ಅತ್ತೆ ತಮ್ಮ ಕೋಲು ಅಡ್ಡ ಹಿಡಿದರು. ಮುಂದಿನದು ನಿಂತಿತು. ಹಿಂದಿನವೂ ನಿಂತವು. ಆದರೆ ಅಷ್ಟರಲ್ಲಿ ಮೂರನೆಯದು ನಾನು ಹಳೆ ಸೀರೆಯ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಹಾಯ್ದಿತ್ತು.

"ಇವಕ್ಕ ಹೆಂಗ ಗೊತ್ತಾತು, ಮುಂದಿಂದು ನಿಂತೇತಿ ಅಂತ?" ಅತ್ತೆ ಕೇಳಿದರು.

"ಮುಂದಿಂದು ಹೇಳತೈತ್ರಿ. ಗಾಳ್ಯಾಗ. ಈಗ ಇಷ್ಟು ಜೋರ ಹೊಂಟೇನಿ, ಈಗ ನಿಂತೆ, ಈಗ ಎಡಕ್ಕ ಹೊಳ್ಳಿದೆ ಅಂತ."

"ಸಂಡಿಗಿ ಐತಿ ಅಂತ ಹೇಳಲಿಲ್ಲಲಾ?"

ಅಕ್ಕಾರು ಅಂಗಳದಲ್ಲೇ ಕುಳಿತು ನಕ್ಕರು. ಅವರ ನಗೆ ಮೊದಲು ಹೆಗಲಲ್ಲಿ ಹುಟ್ಟಿ, ಆಮೇಲೆ ಹೊಟ್ಟೆಗೆ ಇಳಿದು, ಕೊನೆಗೆ ಬಾಯಿಗೆ ಬರುತ್ತಿತ್ತು. ಸಂಡಿಗೆ ತುಳಿದ ತಪ್ಪಿಗೆ ದಂಡವೆಂದು ಅತ್ತೆ ಅವರಿಗೆ ಒಂದು ಬುಟ್ಟಿ ಕರಿದ ಸಂಡಿಗೆ ತಿನ್ನಿಸಿದರು. ಅವರು ದಂಡ ಪೂರ್ತಿ ಕಟ್ಟಿದರು.

ಅವರ ಕೆಲಸ ನನಗೆ ತಿಳಿದಷ್ಟು ಹೇಳುತ್ತೇನೆ. ಕಬ್ಬಿನ ಹಂಗಾಮು ಬಂದರೆ ನಮ್ಮಲ್ಲಿ ಟ್ರ್ಯಾಕ್ಟರು ಇರುತ್ತವೆ, ಓಡಿಸುವವರು ಸಿಗುವುದಿಲ್ಲ. ಇದ್ದವರು ಹಗಲಿರುಳು ಓಡಿಸಿ ಸ್ಟೇರಿಂಗ್ ಮೇಲೆ ನಿದ್ದೆ ಮಾಡುತ್ತಾರೆ. ಮುಂದಿನ ಟ್ರ್ಯಾಕ್ಟರನ್ನು ಒಬ್ಬ ಎಚ್ಚರದ ಮನುಷ್ಯ ಓಡಿಸಲಿ, ಹಿಂದಿನವು ತಾವಾಗಿ ಅದರ ಹಿಂದೆ ಹೋಗಲಿ ಎಂಬುದು ಅಕ್ಕಾರ ಆಸೆ. ದೊಡ್ಡ ದೊಡ್ಡ ಊರುಗಳಲ್ಲಿ ಕಾರುಗಳನ್ನು ಹೀಗೆ ಓಡಿಸಿ ನೋಡುತ್ತಾರಂತೆ. "ನಾ ರಾಮದುರ್ಗದಾಕಿ, ಕಾರ ತಗೊಂಡು ಏನ ಮಾಡಲಿ" ಎನ್ನುತ್ತಿದ್ದರು.

ಗಾಳಿಯಲ್ಲಿ ಬಂದ ಮಾತನ್ನು ನಂಬುವುದು ಹೇಗೆ ಎಂಬುದೇ ಅವರ ಇಡೀ ಚಿಂತೆ. ಬೆಳಗಿನ ಚಹಾ ಹೀರುತ್ತ ಅವರು ಜಪದ ಹಾಗೆ ಹೇಳುವ ಮಾತು ಒಂದಿತ್ತು: "ಮಾತು ಬಂತು. ಯಾರದು? ಯಾವಾಗಿಂದು?" ಕೊನೆಗೆ ಕಪ್ಪು ಕೆಳಗಿಟ್ಟು ಸೇರಿಸುವರು: "ಮಾತ ಬರಲಿಲ್ಲ? ಹಂಗಾರ ಸಾವಕಾಶ."

ಈ ಮಾತನ್ನು ಅವರು ಟ್ರ್ಯಾಕ್ಟರಿಗೆ ಮಾತ್ರ ಇಟ್ಟುಕೊಳ್ಳಲಿಲ್ಲ. ಒಂದು ದಿನ ಪಕ್ಕದ ಮನೆಯ ಗಿರಿಜವ್ವ ಫೋನು ಹಿಡಿದು ಓಡಿಬಂದಳು. "ಡ್ಯಾಮಿನ ಬಾಗಲ ಎಲ್ಲಾ ತಗದಾರಂತ! ನೀರು ಬರಾಕ ಹತ್ತೇತಿ, ನೋಡ್ರಿಲ್ಲೆ!" ವಿಡಿಯೋದಲ್ಲಿ ನೀರು ಭೋರ್ಗರೆಯುತ್ತಿತ್ತು. ನಾನು ಜೋಳದ ಚೀಲ ಅಟ್ಟಕ್ಕೆ ಏರಿಸಲು ಸೆರಗು ಕಟ್ಟಿದೆ. ಅಕ್ಕಾರು ಮೇಲಿನಿಂದಲೇ ಕೂಗಿದರು: "ಯಾರ ಕಳಿಸಿದ್ರವಾ? ಯಾವಾಗಿಂದು?" ಗಿರಿಜವ್ವನಿಗೆ ಎರಡೂ ಗೊತ್ತಿರಲಿಲ್ಲ. ಅತ್ತೆ ಫೋನನ್ನು ಮೂಗಿಗೆ ಹತ್ತಿಸಿಕೊಂಡು ನೋಡಿ ಹೇಳಿದರು: "ಇದರಾಗ ನಿಂತಾಂವ ನಮ್ಮ ಬೀಗರ ಶಿವಲಿಂಗಪ್ಪ ಅಲ್ಲನು? ಆಂವ ಹೋಗಿ ಎರಡ ಹಬ್ಬ ಆದುವಲ್ಲ!" ಸತ್ತ ಶಿವಲಿಂಗಪ್ಪ ನೀರಿನ ಮುಂದೆ ಹಲ್ಲು ಕಿರಿದು ನಿಂತಿದ್ದ. ಹಳೆಯ ನೀರಿಗೆ ಹೆದರಿ ಊರೆಲ್ಲ ಅಟ್ಟ ಏರಿತ್ತು. ಜೋಳದ ಚೀಲ ಎತ್ತುವುದು ಉಳಿಯಿತು, ನನ್ನ ಸೊಂಟವೂ ಉಳಿಯಿತು.

"ಟ್ರ್ಯಾಕ್ಟರಿಗೂ ಹಿಂಗ ಮೋಸ ಮಾಡಬಹುದು, ತಂಗಿ" ಎಂದರು ಅಕ್ಕಾರು ಇಳಿದು ಬಂದು. "ನಿನ್ನೆ 'ಜೋರ ಓಡು' ಅಂದ ಮಾತನ್ನ ಯಾರೋ ಹಿಡದಿಟ್ಟು ಇವತ್ತ ಬಿಟ್ರ? ಮಾತು ಖರೇನ, ಆಡಿದಾಂವನೂ ಖರೇನ. ಆದರ ಇವತ್ತಿಂದಲ್ಲ. ಊರ ಮಂದಿಗೆ ಇದನ್ನ ಹೆಂಗ ತಿಳಿಸಲಿ ಅಂತ ತಲಿ ಕೆಟ್ಟೈತಿ ನಂದು."

ಅವರ ತಲೆ ಸರಿಹೋದದ್ದು ನಮ್ಮ ನಾದಿನಿಯ ಕುಬಸದಲ್ಲಿ. ಬಸುರಿಗೆ ಹಸಿರು ಬಳೆ ತೊಡಿಸುವ ದಿನ, ಮನೆ ತುಂಬ ಹೆಂಗಸರು. ನಡುಮನೆಯ ಹೊಸ್ತಿಲಲ್ಲಿ ಹುಡುಗಿಯರು ಕೈ ಅಡ್ಡ ಹಿಡಿದು ನಿಂತರು. ಗಿರಿಜವ್ವ ಮುಂದೆ ಹೋಗಿ, ಗಂಟಲು ಸರಿಮಾಡಿಕೊಂಡು ತನ್ನ ಒಡಪು ಹೇಳಿದಳು. ಅರ್ಧಕ್ಕೇ ಎಲ್ಲರೂ ಕೂಗಿದರು: "ಹಳೀದು! ಹಳೀದು! ಹೋದ ವರ್ಷ ತೊಟ್ಟಲದಾಗ ಹೇಳೀದಿ!"

"ಗಂಡ ಹಳೆಯಾಂವನ ಅದಾನಲ್ಲ, ಒಡಪು ಎಲ್ಲಿಂದ ಹೊಸಾದು ತರಲಿ?" ಎಂದು ಗಿರಿಜವ್ವ ವಾದಿಸಿದಳು. ಬಿಡಲಿಲ್ಲ. ಅವಳು ಅಂಗಳಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಹೊಸದು ಕಟ್ಟತೊಡಗಿದಳು.

ಅಕ್ಕಾರು ಚಪ್ಪಾಳೆ ತಟ್ಟಿ ಮಗುವಿನ ಹಾಗೆ ಕುಣಿದೇಬಿಟ್ಟರು. "ಇದ! ಇದನ್ನ ನಾ ತಿಂಗಳಗಟ್ಟಲೆ ಬಡಕೊಳ್ಳಾಕ ಹತ್ತಿದ್ದು! ಟ್ರ್ಯಾಕ್ಟರಿನ ಮ್ಯಾಲ ಮಾತ ಕೇಳೂ ನನ್ನ ಡಬ್ಬಿಯೂ ಹಿಂಗ ಬಾಗಲದಾಗ ನಿಂತ ಕೇಳತೈತಿ. ನೀ ಯಾರ ಪೈಕಿ, ಹೆಸರು ಕೂಡಿಸಿ ಹೇಳು. ಹಿಂದ ಹೇಳಿದ್ದ ಹೇಳಬ್ಯಾಡ, ಈಗ ಕಟ್ಟಿದ್ದ ಹೇಳು. ಎರಡೂ ಸರಿ ಇದ್ರ ಒಳಗ ಬಾ!"

"ಅದೆಲ್ಲಾ ಇರಲಿ" ಎಂದರು ಅತ್ತೆ, "ಈಗ ನಿಮ್ಮ ಪಾಳಿ."

"ನಾ ಯಾರ ಹೆಸರು ಹೇಳಲಿ ಅವ್ವಾರ?"

"ನಿಮಗ ಯಾರು ಬೇಕೋ ಅವರದು."

ಅಕ್ಕಾರು ಕಣ್ಣು ಮುಚ್ಚಿದರು.

"ಹೊಲದ ದಾರ್ಯಾಗ ಹುಣಸೀ ಗಿಡ,
ಮುಂದಿನಾಂವ ನಿಂತ್ರ ಹಿಂದಿನಾಂವ ಹೆಜ್ಜಿ ಇಡ;
ಮೂರು ಮಂದಿ ಗಂಡರ ಸಾಕೇನಿ, ಡೀಸಲ್ ಕುಡದು ಬದಕತಾರ,
ಹೆಸರು ಕೇಳಬ್ಯಾಡ್ರಿ ಬಾಯೇರ, ಮೂವರೂ ಟ್ರ್ಯಾಕ್ಟರ!"

ಬಳೆಗಾರನ ಬಳೆಗಳು ಬುಟ್ಟಿಯಲ್ಲೇ ಗಲಗಲ ಎಂದವು, ಅಷ್ಟು ನಕ್ಕೆವು. ಬಸುರಿ ಹೊಟ್ಟೆ ಹಿಡಿದುಕೊಂಡು, "ಸಾಕ್ರಿ, ಇಲ್ಲೇ ಹಡದಬಿಡ್ತೇನಿ" ಎಂದಳು. ಮೂರು ಗಂಡರ ಅಕ್ಕಾರು ತಲೆ ಎತ್ತಿ ಒಳಗೆ ಹೋದರು.

ದಸರೆ ಮುಗಿದ ಮೇಲೆ ಅವರು ಅಡುಗೆಮನೆಗೆ ಬಂದು ಮಣೆಯ ಮೇಲೆ ಕುಳಿತರು. "ತಂಗಿ, ಒಂದು ಎರವಲು ಬೇಕಿತ್ತು."

"ಏನ್ರಿ? ಸಕ್ಕರಿ?"

"ನಿನ್ನ ಗಂಡ."

ಆಟಿಕೆ ಮುಗಿದು ಖರೆ ಟ್ರ್ಯಾಕ್ಟರು ಬಂದಿದ್ದವು. ಊರ ದಾರಿಯಲ್ಲಿ, ಕಬ್ಬು ತುಂಬಿದ ಟ್ರೇಲರು ಕಟ್ಟಿ ಓಡಿಸಿ ತೋರಿಸಬೇಕಿತ್ತು. ಮುಂದಿನದನ್ನು ನಮ್ಮೂರ ಈರಪ್ಪಣ್ಣ ಓಡಿಸುವುದು. ನಡುವಿನದರಲ್ಲಿ ಟ್ರ್ಯಾಕ್ಟರು ಬಲ್ಲ ಒಬ್ಬ ಮನುಷ್ಯ ಕೂಡಬೇಕು, ಏನಾದರೂ ಆದರೆ ಬ್ರೇಕು ಒತ್ತುವುದಕ್ಕೆ.

"ಅವರ ಏನ ಮಾಡಬೇಕ್ರಿ?"

"ಕೈಕಟ್ಟಿ ಕುಂದರಬೇಕು."

"ಅದನ್ನ ಮನ್ಯಾಗ ದಿನಾ ಮಾಡ್ತಾನ" ಎಂದರು ಅತ್ತೆ ಒಳಗಿನಿಂದ.

ನನಗೆ ನಗು ಬರಲಿಲ್ಲ. ಮುಂದೆ ಕಬ್ಬಿನ ಟ್ರೇಲರು, ಹಿಂದೆ ಇನ್ನೊಂದು ಟ್ರ್ಯಾಕ್ಟರು, ನಡುವೆ ನಮ್ಮವರು. ಅಂಥ ನಡುವೆ ಸಿಕ್ಕವರ ಸುದ್ದಿ ಕಬ್ಬಿನ ಸೀಮೆಯ ಹೆಂಗಸರಿಗೆ ಹೊಸದಲ್ಲ. ನಮ್ಮ ಓಣಿಯಲ್ಲೇ ಒಬ್ಬಾಕೆ ಆ ಸುದ್ದಿ ಕೇಳಿ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದ್ದನ್ನು ನಾನು ಕಂಡಿದ್ದೆ. ನಾನು ಒಂದೇ ಮಾತು ಕೇಳಿದೆ: "ಅಕ್ಕಾರ, ಮುಂದಿನಾಂವನ ಮಾತು ಬರಲಿಲ್ಲ ಅಂದ್ರ?"

ಅವತ್ತು ಅಕ್ಕಾರು ನಗದೆ ಉತ್ತರ ಕೊಟ್ಟರು. "ಸಾವಕಾಶ ಆಗತೈತಿ. ಮಾತು ನಿಂತ ಕೂಡಲೆ ವೇಗ ಇಳಿಸಿ, ನಡುವ ಜಾಗ ಬಿಟ್ಟು, ಕಡೀಕ ನಿಲ್ಲಬೇಕು. ಹಂಗ ಕಲಿಸೇನಿ. ಮುಂದಿನಾಂವ ಎಲ್ಲಿ ಅದಾನ ಅಂತ ಗೊತ್ತಿಲ್ಲ ಅಂದಮ್ಯಾಲ ಓಡೂದು ಶಾಣ್ಯಾತನ ಅಲ್ಲ. ಆಟಿಗಿಯೊಳಗ ನೋಡೇನಿ, ಖಾಲಿ ಹೊಲದಾಗ ನೋಡೇನಿ. ಮನುಷ್ಯಾನ್ನ ಕುಂದರಿಸಿ, ಪೂರಾ ಕಿವಿ ಮುಚ್ಚಿ ನೋಡಿಲ್ಲ. ಸುಳ್ಳ ಯಾಕ ಹೇಳಲಿ, ಧೈರ್ಯ ಆಗಿಲ್ಲ. ಮೂರನೇದರಾಗ, ಅವರ ಬೆನ್ನಿಗೆ, ನಾ ಕುಂದರ್ತೇನಿ. ಸಂಜೀಕ ನಿನ್ನ ಗಂಡನ್ನ ನಿನ್ನ ಹೊಸ್ತಿಲಕ್ಕ ತಂದು ಮುಟ್ಟಸ್ತೇನಿ. ನೀ ಹೂಂ ಅಂದ್ರ ಅಷ್ಟ."

ಸುಳ್ಳು ಹೇಳಲಿಲ್ಲ ಎಂಬ ಕಾರಣಕ್ಕೇ ನಾನು ಹೂಂ ಎಂದೆ. ಎಂದು, ಸಿರಸಂಗಿ ಕಾಳವ್ವನಿಗೆ ಉಡಿ ತುಂಬುತ್ತೇನೆಂದು ಬೇಡಿಕೊಂಡೆ. ಎಲ್ಲಮ್ಮನಿಗೂ ಒಂದು ಮಾತು ಹಾಕಿಟ್ಟೆ. ದೇವರು ಇಬ್ಬರಿದ್ದರೆ ಯಾರಿಗಾದರೂ ಮಾತು ಮುಟ್ಟುತ್ತದೆ.

ಆ ದಿನ ಬೆಳಗಾವಿಯಿಂದ ಜೀಪಿನಲ್ಲಿ ಹಿರಿಯರು ಬಂದರು. ಕೆಲಸ ಈ ಹಂಗಾಮಿಗೆ ಮುಂದುವರಿಯಬೇಕೋ ಡಬ್ಬಿ ಕಟ್ಟಿ ಮನೆಗೆ ಒಯ್ಯಬೇಕೋ ಎಂದು ತೀರ್ಮಾನಿಸುವವರು ಅವರು. ಅವರಲ್ಲಿ ತಂಪು ಕನ್ನಡಕ ಹಾಕಿದ ಒಬ್ಬರು ನಗುವುದಿಲ್ಲವೆಂದು ಹರಕೆ ಹೊತ್ತವರ ಹಾಗಿದ್ದರು.

ಹೊಸ ಕೆಲಸ, ಪೂಜೆ ಬಿಡಲಾಗುತ್ತದೆಯೇ? ನಾವು ಹೆಂಗಸರೆಲ್ಲ ಸೇರಿ ಮೂರೂ ಟ್ರ್ಯಾಕ್ಟರುಗಳನ್ನು ಚೆಂಡುಹೂವಿನಲ್ಲಿ ಮುಳುಗಿಸಿದೆವು. ನಿಂಬೆಹಣ್ಣು, ಮೆಣಸಿನಕಾಯಿ, ವಿಭೂತಿ, ಕುಂಕುಮ ಎಲ್ಲ ಆಯಿತು. ಅಕ್ಕಾರು ಕೂತಲ್ಲಿಂದಲೇ ಗುಂಡಿ ಒತ್ತಿ, ಮಾತು ಮುಟ್ಟುತ್ತದೆಯೇ ಎಂದು ನೋಡಿದರು, ಮೂರೂ ಒಂದಕ್ಕೊಂದು ಮಾತಾಡಿಕೊಂಡವು, ಹಸಿರು ದೀಪ ಹತ್ತಿತು. ಈರಪ್ಪಣ್ಣ ಹೊರಟ. ನಡುವಿನದರಲ್ಲಿ ನಮ್ಮವರು, ಮದುವೆಯ ದಿನ ಕೂತಷ್ಟೇ ನೆಟ್ಟಗೆ, ಕೈಕಟ್ಟಿ. ಮೂರನೆಯದರಲ್ಲಿ ಅಕ್ಕಾರು.

ನಾನು, ಗಿರಿಜವ್ವ, ಉಳಿದ ಹೆಂಗಸರು ಅಡ್ಡದಾರಿ ಹಿಡಿದು ಕಾಲುವೆಯ ಏರಿಯ ಮೇಲೆ ಓಡಿದೆವು. ಅಲ್ಲಿ ದಾರಿ ಆಳೆತ್ತರದ ಕಬ್ಬಿನ ನಡುವೆ ಹೊರಳುತ್ತದೆ. ಏರಿಯ ಮೇಲಿದ್ದವರಿಗೆ ಹೊರಳಿನ ಎರಡೂ ಕಡೆ ಕಾಣುತ್ತದೆ. ಈರಪ್ಪಣ್ಣನ ಟ್ರ್ಯಾಕ್ಟರು ಹೊರಳಿ ಮುಂದೆ ಬಂತು. ಅದೇ ಹೊತ್ತಿಗೆ ಕಾಲುವೆಯಲ್ಲಿ ಬಿದ್ದುಕೊಂಡಿದ್ದ ಎಮ್ಮೆಗಳಿಗೆ ಮನೆಯ ನೆನಪಾಗಬೇಕೇ! ಒಂದರ ಹಿಂದೊಂದು, ಕೆಸರು ಸುರಿಸುತ್ತ, ದಾರಿಗೆ ಅಡ್ಡ ಬಂದವು. ಈರಪ್ಪಣ್ಣ ಬ್ರೇಕು ಒತ್ತಿದ. ಟ್ರೇಲರಿನ ಕಬ್ಬು ಜರ್ರೆಂದು ಮುಂದಕ್ಕೆ ಜಗ್ಗಿತು. ಗಾಡಿ ನಿಂತಿತು.

ಹೊರಳಿನ ಈಚೆ ನಮ್ಮವರು ಬರುತ್ತಿದ್ದರು. ಅವರಿಗೆ ಈರಪ್ಪಣ್ಣ ಕಾಣುವುದಿಲ್ಲ, ಎಮ್ಮೆ ಕಾಣುವುದಿಲ್ಲ, ಕಬ್ಬಷ್ಟೇ ಕಾಣುತ್ತದೆ. ನಾನು ಸೆರಗು ಬೀಸಿದೆ, ಯಾರೂ ಈ ಕಡೆ ನೋಡಲಿಲ್ಲ. ಗಿರಿಜವ್ವ ನನ್ನ ರಟ್ಟೆ ಹಿಡಿದಳು. ಶಿವಶಿವಾ ಎಂದು ಕಣ್ಣು ಮುಚ್ಚಬೇಕು, ಮುಚ್ಚಲೂ ಆಗಲಿಲ್ಲ.

ಆಗ ನೋಡಿದೆ. ನಡುವಿನ ಟ್ರ್ಯಾಕ್ಟರು ನಿಧಾನವಾಗಿತ್ತು. ಬ್ರೇಕು ಬಡಿದ ನಿಧಾನ ಅಲ್ಲ, ದೇವರ ಗುಡಿಗೆ ಬಂದವರು ಚಪ್ಪಲಿ ಬಿಡುವ ಮೊದಲು ಆಗುವ ನಿಧಾನ. ಅದಕ್ಕೂ ಮುಂದಿನದಕ್ಕೂ ನಡುವೆ ಜಾಗ ಬೆಳೆಯುತ್ತಲೇ ಇತ್ತು. ಹೊರಳಿಗೆ ಬಂದು, ಇನ್ನೂ ಸ್ವಲ್ಪ ಉರುಳಿ, ಎಮ್ಮೆಗಳಿಗಿಂತ ಬಹಳ ಹಿಂದೆ, ಒಂದು ಚಕ್ಕಡಿ ಆರಾಮಾಗಿ ತಿರುಗುವಷ್ಟು ಜಾಗ ಬಿಟ್ಟು ನಿಂತಿತು. ಅದರ ಹಿಂದೆ ಅಕ್ಕಾರದೂ ಅಷ್ಟೇ ಜಾಗ ಬಿಟ್ಟು ನಿಂತಿತು. ಎಮ್ಮೆಗಳು ಯಾರನ್ನೂ ಲೆಕ್ಕಿಸದೆ ದಾಟಿ ಹೋದವು.

ನಾನು ಏರಿ ಇಳಿದು ಓಡಿದೆ. ಜೀಪೂ ಬಂತು. ತಂಪು ಕನ್ನಡಕದವರು ಇಳಿಯುತ್ತಲೇ ಹೇಳಿದರು: "ನಡುವಿನ ಗಾಡಿ ಹೊರಳಿಗಿಂತ ಮುಂಚೇನ ಹಿಂದ ಬಿತ್ತಲ್ರಿ ಮೇಡಂ. ಸಂಪರ್ಕ ಹೋತು. ಅಂದ್ರ ಫೇಲ್ ಆತು."

ಅಕ್ಕಾರು ನೆಟ್ಟಗೆ ನಡುವಿನ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತರು. ಬಾನೆಟ್ಟಿನ ಮೇಲೆ, ದೀಪದ ಹತ್ತಿರ, ಮಾತು ಕೇಳುವ ಬಿಳಿ ಡಬ್ಬಿ ಇರಬೇಕಿತ್ತು. ಅಲ್ಲಿ ಚೆಂಡುಹೂವಿನ ಗುಡ್ಡೆ. ಹೂ ಸರಿಸಿದರು, ಕೆಂಪು ಬಟ್ಟೆ. ಬಟ್ಟೆ ಬಿಚ್ಚಿದರು, ಬೋರಲು ಹಾಕಿದ ತಾಮ್ರದ ತಂಬಿಗೆ. ತಂಬಿಗೆ ಎತ್ತಿದರು. ಕೆಳಗೆ, ಮೊಟ್ಟೆಯ ಹಾಗೆ, ಬಿಳಿ ಡಬ್ಬಿ.

"ಯಾರದಿದು?" ಅಕ್ಕಾರು ತಂಬಿಗೆ ಮೇಲೆತ್ತಿ ಹಿಡಿದರು.

ಅತ್ತೆ ಚಕ್ಕಡಿಯಲ್ಲಿ ಬಂದು ಮುಟ್ಟಿದ್ದರು. "ನಂದ. ಕೊಡ್ರಿಲ್ಲೆ."

"ಯಾಕ ಇಟ್ರಿ ಅವ್ವಾರ?"

"ಮತ್ತೇನ! ಮುಗುಳ ಹಂಗ ಬೆಳ್ಳಗ ಕೂತಿತ್ತು. ಬೆಳಗಾವಿಂದ ಬಂದವರು ಕಣ್ಣು ಕೀಳದ ಅದನ್ನ ನೋಡಾಕ ಹತ್ತಿದ್ರು. ನನ್ನ ಮಗ ಕೂಡೂ ಗಾಡಿ. ದೃಷ್ಟಿ ಆಗಬಾರದಂತ ಮುಚ್ಚಿದೆ."

ಅಕ್ಕಾರು ನಮ್ಮವರ ಕಡೆ ನೋಡಿದರು. "ನೀವು ಕಂಡೀರಿಲ್ಲೋ ಇದನ್ನ?"

"ಕಂಡೇನ್ರಿ" ಎಂದರು ನಮ್ಮವರು, ಇನ್ನೂ ಕೈಕಟ್ಟಿಯೇ. "ಅವ್ವ ಇಟ್ಟದ್ದ ನಾ ಹೆಂಗ ತಗೀಲಿ?"

ಅಕ್ಕಾರ ಹೆಗಲು ಅಲುಗತೊಡಗಿತು. ನಾನು ಅಳುತ್ತಾರೇನೋ ಅಂದುಕೊಂಡೆ. ನಗು ಹೊಟ್ಟೆಗೆ ಇಳಿಯಿತು, ಬಾಯಿಗೆ ಬಂತು, ಟ್ರ್ಯಾಕ್ಟರಿನ ಗಾಲಿಗೆ ಆತು ನಿಂತು ಕಣ್ಣೀರು ಬರುವ ಹಾಗೆ ನಕ್ಕರು. ಆಮೇಲೆ ಬಗ್ಗಿ ಅತ್ತೆಯ ಪಾದ ಮುಟ್ಟಿದರು. ಅತ್ತೆ ಗಾಬರಿಯಾಗಿ ಹಿಂದೆ ಸರಿದರು.

ಕನ್ನಡಕದವರಿಗೆ ಅಕ್ಕಾರು ಹೇಳಿದ್ದು ಇಷ್ಟು. ಹತ್ತಿರ ನಿಂತಿದ್ದಾಗ ತಂಬಿಗೆಯ ಒಳಗಿನ ಡಬ್ಬಿಗೂ ಮುಂದಿನದರ ಮಾತು ಮಂದವಾಗಿ ಕೇಳಿದೆ. ದೂರವಾಗಿ, ನಡುವೆ ಹಸಿ ಕಬ್ಬು ಬಂದ ಕೂಡಲೇ ಕಿವುಡಾಗಿದೆ. ಕಿವುಡಾದ ಕೂಡಲೇ, ಕಲಿಸಿದ ಹಾಗೆ, ಸಾವಕಾಶವಾಗಿದೆ. "ಮಾತ ಕೇಳದಿದ್ರೂ ಸುಮ್ನ ಓಡಿದ್ರ ಅದು ಫೇಲ್ ರೀ ಸರ. ಇದಕ್ಕ ನಿಲ್ಲೂದು ಗೊತ್ತೈತಿ. ನನಗ ಧೈರ್ಯ ಇಲ್ಲದ ಪರೀಕ್ಷೆ ಅವ್ವಾರ ತಂಬಿಗಿ ಮಾಡ್ತು."

ಹರಕೆ ಹೊತ್ತವರ ತುಟಿ ಸ್ವಲ್ಪ ಅಲುಗಿತು. "ಸರಿ. ಹಂಗಾರ ಇನ್ನೊಮ್ಮೆ ಓಡಿಸ್ರಿ, ಈಗ. ಅದ ಮನುಷ್ಯ ಕುಂದರಲಿ."

ಎಲ್ಲರೂ ನಮ್ಮವರನ್ನು ನೋಡಿದರು. ನಮ್ಮವರು ನನ್ನನ್ನು ನೋಡಿದರು. ಆಗ ಎಲ್ಲರೂ ನನ್ನನ್ನು ನೋಡಿದರು. ಅಕ್ಕಾರು ಮಾತ್ರ ನೋಡಲಿಲ್ಲ. ಒತ್ತಾಯ ಮಾಡಿದ ಹಾಗೆ ಆಗಬಾರದೆಂದು ತಂಬಿಗೆಯೊಳಗೆ ಇಣುಕುತ್ತ ನಿಂತಿದ್ದರು. ಬೇಡ ಎಂದರೆ ಆ ಡಬ್ಬಿಗಳು ಟ್ರಂಕಿಗೆ ಹೋಗುತ್ತವೆ, ಯಾರೂ ನನ್ನನ್ನು ಬೈಯುವುದಿಲ್ಲ. ಆದರೆ ನಾನು ಏರಿಯ ಮೇಲಿನಿಂದ ನನ್ನ ಕಣ್ಣಾರೆ ಕಂಡಿದ್ದೆ, ಆ ನಿಧಾನವನ್ನು, ಆ ಬಿಟ್ಟ ಜಾಗವನ್ನು. ಹೇಳಿದ ಮಾತಿನ ಪ್ರಕಾರವೇ ನಡೆದಿತ್ತು.

"ಹೂಂ" ಎಂದೆ. "ಆದರ ತಂಬಿಗಿ ನನ್ನ ಕೈಯಾಗ ಕೊಡ್ರಿ."

ಎರಡನೆಯ ಸಲಕ್ಕೆ ಅಕ್ಕಾರು ಇನ್ನೊಂದು ಸೇರಿಸಿದರು. ಬೇವಿನ ಮರದ ಕೆಳಗೆ ಅವರ ಕಾಲೇಜಿನ ಒಬ್ಬರು ಇನ್ನೊಂದು ಡಬ್ಬಿ ಹಿಡಿದು ನಿಂತರು. ಮೊದಲ ಸಲ ಈರಪ್ಪಣ್ಣನ ಟ್ರ್ಯಾಕ್ಟರು 'ಜೋರ ಓಡು' ಎಂದದ್ದನ್ನು ಅದರಲ್ಲಿ ಹಿಡಿದಿಟ್ಟಿದ್ದರು. ಮೂರೂ ಗಾಡಿ ಮರದ ಹತ್ತಿರ ಬಂದಾಗ ಅದನ್ನು ಬಿಟ್ಟರು. ನಡುವಿನ ಡಬ್ಬಿಯ ಮೇಲೆ ಕೆಂಪು ದೀಪ ಮಿಣಕ್ ಎಂದಿತು. ಗಾಡಿ ಒಂದಿಷ್ಟೂ ಜೋರಾಗಲಿಲ್ಲ, ತನ್ನ ಪಾಡಿಗೆ ಈರಪ್ಪಣ್ಣನ ಹಿಂದೆ ಹೋಯಿತು.

ಮೂರನೆಯ ಟ್ರ್ಯಾಕ್ಟರಿನಿಂದ ಅಕ್ಕಾರು ಎರಡೂ ಕೈ ಎತ್ತಿ ಕೂಗಿದರು: "ಹಳೀದೂ!"

ದಾರಿಯ ಬದಿಯ ನಮಗೆ ಇನ್ನೇನು ಬೇಕು! "ಹಳೀದು! ಹಳೀದು!" ಎಂದು ಊರ ಹೆಂಗಸರೆಲ್ಲ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಗಿರಿಜವ್ವ. ಕನ್ನಡಕದವರು ಹರಕೆ ಮುರಿದು ನಕ್ಕರು. ಆ ಹಂಗಾಮಿಗೆ ಕೆಲಸ ನಿಲ್ಲಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕಾರು ನಮ್ಮವರನ್ನು ಮುಂದೆ ಬಿಟ್ಟುಕೊಂಡು ನಡೆದು ಬಂದರು. ನಮ್ಮವರನ್ನು ಒಳಗೆ ಬಿಟ್ಟೆ. ಅಕ್ಕಾರಿಗೆ ಕೈ ಅಡ್ಡ ಹಿಡಿದೆ.

"ಅಯ್ಯ ತಂಗಿ, ಹೊಟ್ಟಿ ಹಸದೈತಿ!"

"ಹೇಳ್ರಿ. ಹೊಸಾದು."

ಹೊಸ್ತಿಲ ಹೊರಗೆ ಧೂಳು ತುಂಬಿದ ಬೂಟಿನಲ್ಲಿ ನಿಂತು ಅವರು ಹೇಳಿದರು:

"ಬಳ್ಳೊಳ್ಳಿ ಖಾರ ರೊಟ್ಟಿಗಿ ಛಂದ,
ಕೊಟ್ಟ ಮಾತಿನಂಗ ನಿನ್ನ ಗಂಡ ಮನಿಗೆ ಬಂದ;
ತಂಬಿಗಿ ಇಟ್ಟ ಅವ್ವಾಗ ಶರಣ,
ದಾರಿ ಬಿಡ ನನ ತಂಗಿ, ಹಿಡಿತೇನಿ ಚರಣ!"

ದಾರಿ ಬಿಟ್ಟೆ. ಆ ದಿನ ಅವರು ತಿಂದ ರೊಟ್ಟಿ ನಾನು ಎಣಿಸಲಿಲ್ಲ, ಉಣ್ಣುವವರ ರೊಟ್ಟಿ ಎಣಿಸಬಾರದು. ಮರುದಿನ ಕಾಳವ್ವನಿಗೆ ಉಡಿ ತುಂಬಿ ಬಂದೆ, ಎಲ್ಲಮ್ಮನ ಗುಡ್ಡಕ್ಕೂ ಹೋಗಿ ಬಂದೆ. ಮಾತು ಯಾರಿಗೆ ಮುಟ್ಟಿತ್ತೋ ಗೊತ್ತಿಲ್ಲ, ಇಬ್ಬರದೂ ಋಣ ತೀರಲಿ.

ಆಮೇಲೆ ಹಂಗಾಮು ಮುಗಿಯುವವರೆಗೂ ನಮ್ಮವರು ಆ ಸಾಲಿನಲ್ಲಿ ಕೂತರು. ಅಕ್ಕಾರು ಬೆಳಗಾವಿಗೆ ಹಿಂದಿರುಗಿದ ಮೇಲೂ ಸಂಜೆ ಫೋನು ತಪ್ಪಲಿಲ್ಲ: "ಮನಿಯವ್ರು ಮನಿಗೆ ಬಂದ್ರೇನು?" ಟ್ರ್ಯಾಕ್ಟರುಗಳ ಕೆಲಸ ಬೇರೆ ತಾಲೂಕಿಗೆ ಹೋಯಿತು, ನಮ್ಮವರು ಮತ್ತೆ ಹೊಲ, ಎಮ್ಮೆ ಎಂದು ಉಳಿದರು. ಈಗ ಅವರು ಹೋಗುವ ಅಪಾಯದ ಜಾಗವೆಂದರೆ ಮುನವಳ್ಳಿ ಸಂತೆ ಒಂದೇ. ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಹೊಸ್ತಿಲಿಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟಾಗ ಅವರು ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ.

ಇವತ್ತು ಕಟ್ಟಾದ ಫೋನು ಮತ್ತೆ ಬರಲಿಲ್ಲ. ನಾನೂ ಗಡಿಬಿಡಿ ಮಾಡಲಿಲ್ಲ. ಮಾತು ಬರಲಿಲ್ಲ, ಹಂಗಾರ ಸಾವಕಾಶ. ಉಳಿದ ರೊಟ್ಟಿ ಬಡಿದು ಮುಗಿಸಿ, ಅಟ್ಟದಿಂದ ತಂಬಿಗೆ ಇಳಿಸಿದೆ.

"ಯಾಕ ಅದನ್ನ ತಗದಿ?" ಅತ್ತೆ ಕಟ್ಟೆಯ ಮೇಲಿನಿಂದ ಕೇಳಿದರು.

"ಅಕ್ಕಾರು ರಿಟೈರ್ ಆಗಾಕ ಹತ್ಯಾರ್ರಿ ಅತ್ತಿ. ಶುಕ್ರವಾರ ತಂಬಿಗಿ ತರಬೇಕಂತ."

"ಯಾಕ? ಮಂದಿ ಸುಳ್ಳ ಹೊಗಳೂ ಮುಂದ ತಲಿ ಮ್ಯಾಲ ಹಾಕ್ಕೋತಾರೇನು?"

ಹಿತ್ತಲಲ್ಲಿ ಕುಳಿತು ಹುಣಸೆಹಣ್ಣು, ಉಪ್ಪು ಹಚ್ಚಿ ತಂಬಿಗೆ ತಿಕ್ಕತೊಡಗಿದೆ. ಹಸಿರು ಕಟ್ಟಿದ್ದು ಬಿಡುತ್ತ ಬಿಡುತ್ತ ತಾಮ್ರ ಕೆಂಪಗೆ ಮೇಲೆ ಬಂತು. ಒಡಪಿನ ಮೊದಲ ಸಾಲೂ ಅದರ ಜೊತೆಗೇ ಬಂತು, ಇಲ್ಲಿ ಬರೆಯುವುದಿಲ್ಲ. ಬರೆದರೆ ಶುಕ್ರವಾರದ ಹೊತ್ತಿಗೆ ಹಳೆಯದಾಗುತ್ತದೆ. ಎಮ್ಮೆಯ ಮೈ ತೊಳೆದು ಮುಗಿಸಿದ ನಮ್ಮವರು ಚಹಾ ಕೇಳಿದರು. ತಂಬಿಗೆಯನ್ನು ಇಳಿಬಿಸಿಲಿಗೆ ಬೋರಲು ಹಾಕಿದೆ. ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ಕೆಳಗೆ ಏನೂ ಇಲ್ಲವೆಂದು ಒಮ್ಮೆ ಎತ್ತಿ ನೋಡಿ, ಚಹಾ ಇಡಲು ಹೋದೆ.